ಪ್ರಾರ್ಥಿಸಿದರೂ ದೇವರು ದೂರವೆನಿಸಿದಾಗ

ದಿನಕ್ಕೆ ಬೈಬಲಿನ ಐದು ಅಧ್ಯಾಯ ಎಂಬ ಲೆಕ್ಕವೇ ನಿಮ್ಮನ್ನು ಒಣಗಿಸುತ್ತಿದೆ ಎಂದು ನನಗನಿಸುತ್ತದೆ. ಹುಮನಾಬಾದಿನಿಂದ ಕಲಬುರಗಿಗೆ ಕೆಲಸಕ್ಕೆ ಬಂದ ಮೇಲೆ ಓದು, ಪ್ರಾರ್ಥನೆ ತಪ್ಪಿಸದಿದ್ದರೂ ದೇವರು ದೂರವಾದಂತಿದೆ ಎಂದು ಬರೆದಿದ್ದೀರಿ. ನಾನೂ ಹೀಗೆಯೇ ಕ್ರಿಸ್ತನ ಬದಲು ನನ್ನ ಶಿಸ್ತಿನ ಮೇಲೆ ಒರಗಿದ್ದೆ.

ಮೊದಲು ಓದನ್ನು ಕಡಿಮೆ ಮಾಡಿ. ಒಂದು ವಾರ ಯೋಹಾನನ ಸುವಾರ್ತೆಯ 15ನೇ ಅಧ್ಯಾಯದ ಮೊದಲ ಎಂಟು ವಚನಗಳು ಸಾಕು. ಅಲ್ಲಿ ಯೇಸು ತಾನೇ ಬಳ್ಳಿ, ನೀವು ಕೊಂಬೆಗಳು ಎನ್ನುತ್ತಾನೆ. ಕೊಂಬೆ ಫಲ ಕೊಡಲು ಒದ್ದಾಡುವುದಿಲ್ಲ, ಬಳ್ಳಿಯಲ್ಲಿ ನೆಲೆಗೊಂಡಿರುತ್ತದೆ. ನಿಧಾನವಾಗಿ, ಗಟ್ಟಿಯಾಗಿ ಓದಿ. ಮನಸ್ಸನ್ನು ತಡೆದು ನಿಲ್ಲಿಸಿದ ವಚನವನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ನನ್ನ ಚೀಟಿಯ ಮಸಿ ಬೆವರಿಗೆ ಹರಡಿ, ಮಡಿಕೆಯಲ್ಲಿ ಹರಿದಿತ್ತು. ಬಸ್ ನಿಲ್ದಾಣದ ಬಿಸಿಲಿನಲ್ಲಿ ಅದನ್ನು ತೆಗೆದು ನೋಡಿದ ಕ್ಷಣಗಳೇ ನನ್ನ ನಿಜವಾದ ಪ್ರಾರ್ಥನೆಗಳಾದವು.

ಆಮೇಲೆ, ಆ ದಿನ ನಿಮ್ಮಿಂದಾಗದ ಒಂದು ಸಂಗತಿಯನ್ನು ಯೇಸುವಿಗೆ ನೇರವಾಗಿ ಹೇಳಿ: ಬಾಡಿಗೆ, ಮೇಲಧಿಕಾರಿಯ ಮೇಲಿನ ಕೋಪ, ಏನಾದರೂ ಸರಿ. ಅಲಂಕಾರದ ಮಾತು ಬೇಡ.

ಒಂಟಿಯಾಗಿ ಮಾತ್ರ ಇರಬೇಡಿ. ಭಾನುವಾರ ಆರಾಧನೆ ಮುಗಿದ ಕೂಡಲೇ ಹೊರಟುಬಿಡದೆ, ವಿಶ್ವಾಸದಲ್ಲಿ ಹಿರಿಯರಾದ ಒಬ್ಬರನ್ನು ವಾರಕ್ಕೊಮ್ಮೆ ಜೊತೆಗೆ ಪ್ರಾರ್ಥಿಸಲು ಕೇಳಿ.

ನಿದ್ರೆಗೆಟ್ಟ ದಣಿವೂ ಇದರಲ್ಲಿ ಸೇರಿರಬಹುದು, ದೂರದಿಂದ ಖಚಿತವಾಗಿ ಹೇಳಲಾರೆ. ರಾತ್ರಿ ಪಾಳಿಯಿದ್ದರೆ ಬೆಳಗಿನ ಹಟ ಬಿಟ್ಟು, ಮಲಗಿ ಎದ್ದ ಮೇಲೆ ಕುಳಿತುಕೊಳ್ಳಿ.