ಮೊದಲ ಗೋಡೆ ಕೆಸರಿನಲ್ಲೇ ಕಟ್ಟಿ

ಓದುಗರ ಪ್ರಶ್ನೆ, ಮೇಸ್ತ್ರಿಯ ಉತ್ತರ

ಪ್ರಶ್ನೆ: ಮೇಸ್ತ್ರಿಗಳೇ, ನನಗೆ 22 ವರ್ಷ. ತೋಟದ ಲೈನ್ ಮನೆಯಲ್ಲಿದ್ದೇವೆ. ಆರು ತಿಂಗಳಿಂದ ಗಾರೆ ಕೆಲಸಕ್ಕೆ ಕೈಯಾಳಾಗಿ ಹೋಗುತ್ತಿದ್ದೇನೆ. ಸಿಮೆಂಟ್ ಕಲಸುವುದು, ಇಟ್ಟಿಗೆ ಹೊರುವುದು ಬಿಟ್ಟರೆ ಬೇರೇನೂ ಕೊಡುವುದಿಲ್ಲ. ಗಾರೆ ಹಾಕುವ ಕರಣೆ ಮುಟ್ಟಿದರೆ ನಮ್ಮ ಮೇಸ್ತ್ರಿ ಬೈಯುತ್ತಾರೆ. ಇಟ್ಟಿಗೆ ಕಟ್ಟುವುದನ್ನು ಕಲಿಯುವುದು ಹೇಗೆ?
– ಓದುಗ, ಸುಂಟಿಕೊಪ್ಪ

ಉತ್ತರ: ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಇಟ್ಟಿಗೆ, ಸಿಮೆಂಟ್ ಎಲ್ಲ ಮನೆಯವರ ದುಡ್ಡು. ಅದರಲ್ಲಿ ಕಲಿಯಲು ಬಿಡುವುದು ಯಾವ ಮೇಸ್ತ್ರಿಗೂ ಕಷ್ಟ. ಕಲಿಯುವ ಜಾಗವನ್ನು ನೀವೇ ಬೇರೆ ಮಾಡಿಕೊಳ್ಳಿ.

ನಾನು ಕಲಿತದ್ದು ಶನಿವಾರಸಂತೆಯಲ್ಲಿ, ನಮ್ಮ ಮನೆಯ ಹಿತ್ತಲಲ್ಲಿ. 60 ಹಳೇ ಇಟ್ಟಿಗೆ, ಒಂದು ಬಾಂಡ್ಲಿ, ಒಂದು ಕರಣೆ, ನೂಲು, ಗೋಡೆ ನೆಟ್ಟಗಿದೆಯೇ ಅಂತ ನೋಡಲು ದಾರಕ್ಕೆ ಕಟ್ಟಿದ ಗುಂಡು. ಇಷ್ಟೇ ಇದ್ದದ್ದು. ಸಿಮೆಂಟ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ನಮ್ಮ ಕೊಡಗಿನ ಕೆಂಪು ಮಣ್ಣನ್ನು ಜರಡಿ ಹಿಡಿದು, ಸ್ವಲ್ಪ ಮರಳು ಸೇರಿಸಿ, ನೀರು ಹಾಕಿ ಚೆನ್ನಾಗಿ ತುಳಿದರೆ ಕಲಿಯೋಕೆ ಸಾಕಾಗುವಷ್ಟು ಗಾರೆ ಆಗುತ್ತದೆ. ಭಾನುವಾರ ಬೆಳಿಗ್ಗೆ ಐದು ಇಟ್ಟಿಗೆ ಉದ್ದ, ಹತ್ತು ಸಾಲು ಎತ್ತರ ಕಟ್ಟಿ. ಸಂಜೆ ಬಿಚ್ಚಿ ಇಟ್ಟಿಗೆ ತೊಳೆದಿಡಿ. ಮುಂದಿನ ಭಾನುವಾರ ಅದೇ ಇಟ್ಟಿಗೆ, ಅದೇ ಮಣ್ಣು. ತಪ್ಪಾದರೆ ಯಾರ ದುಡ್ಡೂ ಹೋಗುವುದಿಲ್ಲ. ಕೈ ಮಾತ್ರ ಪಳಗುತ್ತದೆ.

ಗಾರೆಯ ಹದ ಮೊದಲು ಕಲಿಯಿರಿ. ಕರಣೆ ತುಂಬ ತೆಗೆದುಕೊಂಡು ಓರೆ ಮಾಡಿದರೆ ಮುದ್ದೆಯಾಗಿ ಜಾರಬೇಕು, ನೀರು ಬಿಡಬಾರದು. ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ. ಗುಳ್ಳೆ ಏಳುವುದು ನಿಂತ ಮೇಲೆ ತೆಗೆದು, ಮೇಲಿನ ನೀರು ಇಳಿಯಲು ಬಿಡಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಆಮೇಲೆ ಸಿಮೆಂಟ್ ಗಟ್ಟಿಯಾಗಲು ನೀರೇ ಇರುವುದಿಲ್ಲ. ಇಟ್ಟಿಗೆಯ ಒಂದು ಮುಖದಲ್ಲಿರುವ ಅಚ್ಚಿನ ಗುಳಿ ಮೇಲಕ್ಕೆ ಬರುವಂತೆ ಇಡಿ. ಸಂದು 10 ಮಿಲಿಮೀಟರ್, ಅಂದರೆ ಕಿರುಬೆರಳಿನಷ್ಟು ದಪ್ಪ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಸಂದು ಬರಬಾರದು. ಅದಕ್ಕೇ ಒಂದು ಸಾಲು ಬಿಟ್ಟು ಒಂದು ಸಾಲನ್ನು ಅರ್ಧ ಇಟ್ಟಿಗೆಯಿಂದ ಶುರು ಮಾಡುವುದು.

ಇನ್ನು ನೂಲಿನ ವಿಷಯ. ನಾನು ಸಿಮೆಂಟಿನಲ್ಲಿ ಕಟ್ಟಿದ ಮೊದಲ ಗೋಡೆ ನಡುವೆ ಹೊಟ್ಟೆ ಬಂದಿತ್ತು, ಹೆಚ್ಚು ಕಡಿಮೆ ಒಂದು ಇಂಚು. ಸಾಲು ನೇರ ಬರಲೆಂದು ಎರಡು ತುದಿಗೂ ನೂಲು ಕಟ್ಟಿಯೇ ಕೆಲಸ ಮಾಡಿದ್ದೆ. ಹಾಗಿದ್ದೂ ಯಾಕೆ ಹೀಗಾಯಿತು ಅಂತ ನನಗೆ ಗೊತ್ತಾಗಲಿಲ್ಲ. ನಮ್ಮ ದೊಡ್ಡ ಮೇಸ್ತ್ರಿ ಏನೂ ಮಾತಾಡದೆ ನೂಲನ್ನು ಬೆರಳಲ್ಲಿ ಮೀಟಿದರು. ಅದು ಅದುರಲಿಲ್ಲ. ಮೂರು ಇಟ್ಟಿಗೆ ಅದಕ್ಕೆ ಒತ್ತಿಕೊಂಡಿದ್ದವು. ಒಂದು ಇಟ್ಟಿಗೆ ನೂಲನ್ನು ಕೂದಲೆಳೆಯಷ್ಟು ಹೊರಗೆ ತಳ್ಳಿದರೆ, ಮುಂದಿನ ಇಟ್ಟಿಗೆ ಆ ತಪ್ಪು ನೂಲನ್ನೇ ನೋಡಿಕೊಂಡು ಕೂರುತ್ತದೆ. ಹಾಗೇ ಸಾಲು ಸಾಲಾಗಿ ಬೆಳೆಯುತ್ತದೆ. ಐದು ಸಾಲು ಕಿತ್ತು ಮತ್ತೆ ಕಟ್ಟಿದೆ. ಅವತ್ತಿನಿಂದ ಇವತ್ತಿನವರೆಗೂ, ನೂಲಿಗೂ ಇಟ್ಟಿಗೆಗೂ ನಡುವೆ ಬೆಳಕು ಕಾಣುವಷ್ಟು ಜಾಗ ಬಿಡುತ್ತೇನೆ. ನಾಲ್ಕು ಇಟ್ಟಿಗೆ ಇಟ್ಟ ಮೇಲೆ ಒಮ್ಮೆ ನೂಲು ಮೀಟಿ ನೋಡುತ್ತೇನೆ.

ಗುಂಡು ಹಿಡಿಯುವುದೂ ಹಾಗೇ ತಾಳ್ಮೆಯ ಕೆಲಸ. ಗುಂಡಿನ ದಾರದ ಮೇಲ್ತುದಿಯಲ್ಲಿರುವ ಮರದ ತುಂಡನ್ನು ಗೋಡೆಗೆ ಒತ್ತಿ ಹಿಡಿಯಿರಿ. ಕೆಳಗೆ ಗುಂಡು ಗೋಡೆಗೆ ತಾಗಿಯೂ ತಾಗದಂತೆ ನಿಲ್ಲಬೇಕು. ದೂರ ನಿಂತರೆ ಗೋಡೆಯ ಮೇಲ್ಭಾಗ ನಿಮ್ಮ ಕಡೆ ವಾಲಿದೆ. ಗೋಡೆಗೆ ಒರಗಿಕೊಂಡರೆ ಆ ಕಡೆ ವಾಲಿದೆ. ಗಾಳಿ ಇದ್ದರೆ ಗುಂಡು ನಿಲ್ಲುವವರೆಗೆ ಕಾಯಿರಿ. ಮೂಲೆಗೆ 3, 4, 5 ಲೆಕ್ಕ ಹಿಡಿಯಿರಿ: ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಮಾಡಿ. ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಇದ್ದರೆ ಮೂಲೆ ಸರಿ ಇದೆ.

ಎರಡು ತಿಂಗಳು ಹೀಗೆ ಮಾಡಿದ ಮೇಲೆ ನಿಮ್ಮ ಮೇಸ್ತ್ರಿಯನ್ನು ಕೇಳಿ. ಕೇಳಲು ಒಳ್ಳೆಯ ಸಮಯ ಡಿಸೆಂಬರ್‌ನಿಂದ ಫೆಬ್ರವರಿ. ಆಗ ಕಾಫಿ ಕೊಯ್ಲು ಇರುತ್ತದೆ, ಜನ ತೋಟಕ್ಕೆ ಹೋಗುತ್ತಾರೆ, ಗಾರೆ ಕೆಲಸಕ್ಕೆ ಆಳು ಸಿಗುವುದಿಲ್ಲ. ಮಣ್ಣು ಮುಚ್ಚುವ ಕಡೆ, ಕಣ್ಣಿಗೆ ಕಾಣದ ಜಾಗದಲ್ಲಿ ಒಂದು ಸಾಲು ಕೊಡಿ ಅನ್ನಿ. ಕೊಟ್ಟೇ ಕೊಡುತ್ತಾರೆ.

ಪ್ರಶ್ನೆ: ಅಣ್ಣಾ, ಎಂಟು ವರ್ಷದಿಂದ ಗಾರೆ ಕಲಸಿ ಹೊರುತ್ತಿದ್ದೇನೆ. ಹೆಂಗಸರು ಮೇಸ್ತ್ರಿ ಆಗಬಹುದಾ?
– ಓದುಗಳು, ಪೊನ್ನಂಪೇಟೆ

ಉತ್ತರ: ಖಂಡಿತ ಆಗಬಹುದು ತಂಗಿ. ಪಕ್ಕದ ಕೇರಳದಲ್ಲಿ ಕುಟುಂಬಶ್ರೀ ಎಂಬ ಮಹಿಳಾ ಸಂಘಗಳ ಹೆಣ್ಣುಮಕ್ಕಳು ತರಬೇತಿ ಪಡೆದು ಮನೆಗಳನ್ನೇ ಕಟ್ಟಿದ್ದಾರೆ. ಜಾರ್ಖಂಡ್‌ನಲ್ಲಿ ಹೆಣ್ಣು ಮೇಸ್ತ್ರಿಗಳಿಗೆ ರಾಣಿ ಮಿಸ್ತ್ರಿ ಅಂತಲೇ ಹೆಸರು. ಎಂಟು ವರ್ಷ ಗಾರೆ ಕಲಸಿದ ನಿಮಗೆ ಅದರ ಹದ ಆಗಲೇ ಗೊತ್ತಿದೆ. ಅದನ್ನೇ ಕಲಿಯಲು ಹುಡುಗರು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಾರೆ. ಮೇಲೆ ಹೇಳಿದ ಕೆಸರು ಗೋಡೆ ನೀವೂ ಕಟ್ಟಿ. ಕರಣೆ ಹಿಡಿದ ದಿನದಿಂದ ಮೇಸ್ತ್ರಿಯ ಕೂಲಿ ಕೇಳಿ, ಅದರಲ್ಲಿ ಸಂಕೋಚ ಬೇಡ.

ಇನ್ನೆರಡು ಮಾತು. ಸಿಮೆಂಟ್ ಚರ್ಮ ಸುಡುತ್ತದೆ, ರಬ್ಬರ್ ಕೈಗವಸು ಹಾಕಿ. ಗಾರೆ ತಾಗಿದ ಕೂಡಲೇ ತೊಳೆಯಿರಿ, ಸಂಜೆವರೆಗೆ ಬಿಡಬೇಡಿ. ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿದ್ದೀರಾ? 18ರಿಂದ 60 ವರ್ಷದವರು, ಹಿಂದಿನ ಒಂದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಹೆಸರು ನೋಂದಾಯಿಸಬಹುದು. ಹೊರುವ ಕೆಲಸವೂ ಲೆಕ್ಕಕ್ಕೆ ಬರುತ್ತದೆ.

ಪ್ರಶ್ನೆ: ಜುಲೈಯಲ್ಲಿ ಕೊಟ್ಟಿಗೆಗೆ ಸಿಮೆಂಟ್ ಬ್ಲಾಕಿನ ಗೋಡೆ ಕಟ್ಟಿದೆ. ಬ್ಲಾಕನ್ನೂ ರಾತ್ರಿಯಿಡೀ ನೆನೆಸಿದ್ದೆ. ಬೆಳಿಗ್ಗೆ ನೋಡಿದರೆ ಸಂದಿನ ಗಾರೆ ತೊಳೆದುಹೋಗಿತ್ತು.
– ಓದುಗ, ನಾಪೋಕ್ಲು

ಉತ್ತರ: ನಾಪೋಕ್ಲಿನ ಜುಲೈ ಮಳೆಗೆ ಹೊಸ ಗಾರೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಕಟ್ಟಲೇಬೇಕಾದರೆ ಮೊದಲು ಚಾವಣಿ ಹಾಕಿ, ಆಮೇಲೆ ಗೋಡೆ. ಸಂಜೆ ಗೋಡೆಯ ಮೇಲೆ ಟಾರ್ಪಾಲು ಹೊದಿಸಿ. ಒಂದು ದಿನಕ್ಕೆ ಒಂದು ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ. ಸಿಮೆಂಟ್ ಬ್ಲಾಕನ್ನು ಇಟ್ಟಿಗೆಯ ಹಾಗೆ ನೆನೆಸಬಾರದು. ಒದ್ದೆ ಬ್ಲಾಕ್ ಆಮೇಲೆ ಒಣಗುವಾಗ ಕುಗ್ಗುತ್ತದೆ, ಗೋಡೆ ಬಿರುಕು ಬಿಡುತ್ತದೆ. ಗಾರೆ ತಾಗುವ ಮುಖಕ್ಕೆ ನೀರು ಚಿಮುಕಿಸಿದರೆ ಸಾಕು.

ಮರಳನ್ನೂ ನೋಡಿ. ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಳ್ಳುತ್ತದೆ. ನೇರ ಗಾಜಿನ ಡಬ್ಬದಲ್ಲಿ ಅದನ್ನು ಒತ್ತದೆ 20 ಸೆಂಟಿಮೀಟರ್ ತುಂಬಿ, ನೀರು ಸುರಿದು ಕಡ್ಡಿಯಿಂದ ಕಲಕಿ ಬಿಡಿ. 16ಕ್ಕೆ ಇಳಿದರೆ ಕಾಲು ಭಾಗ ಉಬ್ಬಿತ್ತು ಅಂತ ಅರ್ಥ. ಆಗ ನಾಲ್ಕು ಬಾಂಡ್ಲಿ ಹಾಕುವ ಕಡೆ ಐದು ಹಾಕಬೇಕು. ಇಲ್ಲದಿದ್ದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು, ಒಂದಕ್ಕೆ ಆರು ಅಂತ ನೀವು ಕಲಸಿದ್ದು ನಿಜಕ್ಕೂ ಒಂದಕ್ಕೆ ಆರು ಆಗಿರುವುದಿಲ್ಲ. ಸಿಮೆಂಟ್ ಸುಮ್ನೆ ಜಾಸ್ತಿ ಹೋಗುತ್ತದೆ.

ಪ್ರಶ್ನೆ: ಒಳ್ಳೆ ಇಟ್ಟಿಗೆ ಗುರುತಿಸುವುದು ಹೇಗೆ?
– ಓದುಗ, ಕುಶಾಲನಗರ

ಉತ್ತರ: ಎರಡು ಇಟ್ಟಿಗೆ ಒಂದಕ್ಕೊಂದು ಬಡಿಯಿರಿ, ಠಣ್ ಅನ್ನಬೇಕು. ಉಗುರಿನಿಂದ ಗೀರಿದರೆ ಗೆರೆ ಬೀಳಬಾರದು. ಒಂದು ಮೀಟರ್ ಎತ್ತರದಿಂದ ನೆಲಕ್ಕೆ ಬಿಟ್ಟರೆ ಒಡೆಯಬಾರದು.

ಪ್ರಶ್ನೆ: ಮನೆ ಹಿಂದಿನ ಬರೆ (ಕಡಿದಾದ ಮಣ್ಣಿನ ದಿಬ್ಬ) ಪ್ರತಿ ಮಳೆಗೂ ಸ್ವಲ್ಪ ಸ್ವಲ್ಪ ಜಾರುತ್ತಿದೆ. 500 ಇಟ್ಟಿಗೆ ತರಿಸಿದ್ದೇನೆ. ಈಗಷ್ಟೇ ಕೆಲಸ ಕಲಿಯುತ್ತಿದ್ದೇನೆ. ತಡೆಗೋಡೆ ನಾನೇ ಕಟ್ಟಲೇ?
– ಓದುಗ, ಮಾದಾಪುರ

ಉತ್ತರ: ದಯವಿಟ್ಟು ಬೇಡ. 2018ರ ಆಗಸ್ಟ್‌ನಲ್ಲಿ ನಿಮ್ಮ ಸುತ್ತಮುತ್ತ ಬೆಟ್ಟ ಹೇಗೆ ಇಳಿದು ಬಂತು ಅಂತ ನೀವೇ ನೋಡಿದ್ದೀರಿ. ನೀರು ಕುಡಿದ ಮಣ್ಣಿನ ಭಾರ ಒಣ ಮಣ್ಣಿನಂತಲ್ಲ. ಅದು ಮಣ್ಣಿನ ಜೊತೆಗೆ ನೀರಿನ ಒತ್ತಡವನ್ನೂ ಹೊತ್ತು ತರುತ್ತದೆ. ತೆಳ್ಳಗಿನ ಇಟ್ಟಿಗೆ ಗೋಡೆ ಅದನ್ನು ತಡೆಯುವುದಿಲ್ಲ. ಮಣ್ಣಿನ ಜೊತೆ ಇಟ್ಟಿಗೆಯೂ ಮನೆ ಮೇಲೆ ಬೀಳುತ್ತದೆ. ತಡೆಗೋಡೆಗೆ ಅಗಲವಾದ ಪಾಯ ಬೇಕು, ನೀರು ಹೊರಬರಲು ತೂತುಗಳು ಬೇಕು, ಗೋಡೆಯ ಹಿಂದೆ ಜಲ್ಲಿ ಬೇಕು. ಎಷ್ಟು ದಪ್ಪ ಅಂತ ಇಂಜಿನಿಯರ್ ಜಾಗ ನೋಡಿ ಲೆಕ್ಕ ಹಾಕಬೇಕು. ಇಷ್ಟು ವರ್ಷ ಕೆಲಸ ಮಾಡಿದ ನಾನೂ ನಕ್ಷೆ ಇಲ್ಲದೆ ಬರೆಗೆ ಗೋಡೆ ಕಟ್ಟುವುದಿಲ್ಲ.

ನೀವು ಈಗಲೇ ಮಾಡಬಹುದಾದದ್ದು ಒಂದಿದೆ. ಬರೆಯ ಮೇಲ್ತುದಿಯಿಂದ ಸ್ವಲ್ಪ ಹಿಂದೆ, ಮೇಲಿನಿಂದ ಬರುವ ನೀರು ಪಕ್ಕಕ್ಕೆ ಹರಿದುಹೋಗುವಂತೆ ಚರಂಡಿ ಮಾಡಿ. ಆ ನೀರು ಅಲ್ಲೇ ಇಂಗದಂತೆ ಚರಂಡಿಯ ತಳಕ್ಕೂ ಬದಿಗೂ ಸಿಮೆಂಟ್ ಹಾಕಿ. ಬುಡ ಅಗೆಯಬೇಡಿ. ಮಳೆ ಜೋರಾದ ರಾತ್ರಿ ಆ ಕಡೆಯ ಕೋಣೆಯಲ್ಲಿ ಯಾರೂ ಮಲಗಬೇಡಿ. ಬರೆಯ ಮೇಲೆ ಹೊಸ ಬಿರುಕು ಕಂಡರೆ ಮನೆ ಬಿಟ್ಟು ಹೊರಡಿ, ಪಂಚಾಯ್ತಿಗೆ ತಿಳಿಸಿ. ಆ 500 ಇಟ್ಟಿಗೆ ವ್ಯರ್ಥವಾಗುವುದಿಲ್ಲ. ಮಳೆ ನಿಂತ ಮೇಲೆ ಅಂಗಳದಲ್ಲಿ ತುಳಸಿ ಕಟ್ಟೆ ಕಟ್ಟಿ. ನಾಲ್ಕು ಮೂಲೆ ಇರುತ್ತವೆ, ಮೂಲೆ ತಿರುಗಿಸುವುದು ಕಲಿಯಲು ಅದಕ್ಕಿಂತ ಒಳ್ಳೆಯ ಕೆಲಸ ಇಲ್ಲ.