ಹುತ್ತದ ಮಾದರಿಯಲ್ಲಿ ಮನೆ ತಂಪಾಗುತ್ತದೆಯೇ?

ಪ್ರಶ್ನೆ: ತುಮಕೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೆದ್ದಲಿನ ಹುತ್ತದಂತೆ ಮೇಲೊಂದು ಚಿಮಣಿ ಕೊಟ್ಟರೆ ಎಸಿ ಬೇಡ ಎನ್ನುತ್ತಾರೆ ಆರ್ಕಿಟೆಕ್ಟ್. ಜಿಂಬಾಬ್ವೆಯ ಕಟ್ಟಡವೊಂದರ ಫೋಟೋ ತೋರಿಸಿದರು. ನಂಬಬಹುದೇ?

ಉತ್ತರ: ನಂಬಬಹುದು, ಆದರೆ ಬರೀ ಚಿಮಣಿಯಿಂದ ಆಗುವ ಕೆಲಸ ಅಲ್ಲ. ಅವರು ತೋರಿಸಿದ್ದು ಹರಾರೆಯ ಈಸ್ಟ್‌ಗೇಟ್ ಸೆಂಟರ್ ಇರಬೇಕು. 1996ರಲ್ಲಿ ತೆರೆದದ್ದು, ವಿನ್ಯಾಸ ಮಿಕ್ ಪಿಯರ್ಸ್ ಅವರದು. ಅಲ್ಲಿ ರಾತ್ರಿ ಫ್ಯಾನುಗಳು ಗಂಟೆಗೆ 10 ಸಲ ಒಳಗಿನ ಗಾಳಿ ಬದಲಿಸಿ ಕಾಂಕ್ರೀಟಿನ ಬಿಸಿ ತೆಗೆಯುತ್ತವೆ, ಹಗಲು 2 ಸಲ ಮಾತ್ರ. ಹರಾರೆ ಸುಮಾರು 1,500 ಮೀಟರ್ ಎತ್ತರದ ಊರು, ರಾತ್ರಿ ಚೆನ್ನಾಗಿ ತಣಿಯುತ್ತದೆ. ಗುಟ್ಟು ಇರುವುದು ಅಲ್ಲಿ.

ಹುತ್ತ ಒಳಗಿನ ಬಿಸಿಯನ್ನು ಚಿಮಣಿಯಂತೆ ಮೇಲಕ್ಕೆ ಬಿಡುತ್ತದೆ ಎಂಬ ಹಳೆಯ ತಿಳಿವಳಿಕೆಯೂ ಈಗ ಬದಲಾಗಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿ ಎಲ್. ಮಹಾದೇವನ್ ಮತ್ತು ಸಂಗಡಿಗರು ಬೆಂಗಳೂರಿನ ಹುತ್ತಗಳಲ್ಲೇ ಗಾಳಿಯ ಓಟ ಅಳೆದು 2015ರಲ್ಲಿ ಪ್ರಕಟಿಸಿದರು. ಗೆದ್ದಲು ವಾಸವಿರುವ ಈ ಜಾತಿಯ ಹುತ್ತಕ್ಕೆ ಮೇಲೆ ಬಾಯಿಯೇ ಇಲ್ಲ, ಮಣ್ಣಿನ ಗೋಡೆಯೇ ಉಸಿರಾಡುತ್ತದೆ. ಹಗಲು ಹೊರಗಿನ ತೆಳು ಏಣುಗಳು ಬೇಗ ಕಾಯುವುದರಿಂದ ಅಲ್ಲಿ ಗಾಳಿ ಏರಿ ನಡುವಿನಲ್ಲಿ ಇಳಿಯುತ್ತದೆ, ರಾತ್ರಿ ಇದರ ತಿರುವುಮುರುವು. ಗೂಡಿನಲ್ಲಿ ಕೂಡಿದ ಇಂಗಾಲದ ಡೈಆಕ್ಸೈಡ್ ಹೀಗೆ ಹೊರಬೀಳುತ್ತದೆ. ಹಗಲು-ರಾತ್ರಿಯ ಅಂತರವನ್ನೇ ದುಡಿಸಿಕೊಳ್ಳುವ ಈ ಜಾಣ್ಮೆಯನ್ನು ಕಲಿಯಿರಿ, ಆಕಾರ ಹೇಗಿದ್ದರೂ ನಡೆಯುತ್ತದೆ.

ನಿಮ್ಮ ಮನೆಗೆ ಲೆಕ್ಕ ಹೀಗೆ: 900 ಚದರ ಅಡಿ, 10 ಅಡಿ ಎತ್ತರ. ಕೆಳಗೆ ಒಟ್ಟು 11 ಚದರ ಅಡಿ ತೆರೆದ ಕಿಟಕಿ, ಮೆಟ್ಟಿಲ ಹೆಡ್‌ರೂಮಿನಲ್ಲಿ (ತಾರಸಿಯಲ್ಲಿ ಮೆಟ್ಟಿಲಿನ ಮೇಲೆ ಕಟ್ಟುವ ಕೋಣೆ) ಅಷ್ಟೇ ವೆಂಟಿಲೇಟರ್, ನಡುವೆ 13 ಅಡಿ ಎತ್ತರ. ರಾತ್ರಿ ಒಳಗೆ ಹೊರಗಿಗಿಂತ 4 ಡಿಗ್ರಿ ಸೆಲ್ಸಿಯಸ್ ಹೆಚ್ಚಿದ್ದರೆ ಗಾಳಿ ಗಂಟೆಗೆ ಸುಮಾರು 6 ಸಲ ಬದಲಾಗುತ್ತದೆ. ಸೊಳ್ಳೆ ಮೆಶ್ ಹಾಕಿದರೆ ಗಾಳಿ ತಡೆಯುತ್ತದೆ, ಕಿಟಕಿ-ವೆಂಟಿಲೇಟರ್ ಅಳತೆಯನ್ನು ಒಂದೂವರೆ ಪಟ್ಟು ಮಾಡಿ. 10 ಸಲ ಬೇಕಾದರೆ ಹೆಡ್‌ರೂಮಿಗೆ ನಿಮಿಷಕ್ಕೆ 1,500 ಘನ ಅಡಿ ಎಳೆಯುವ ಎಕ್ಸಾಸ್ಟ್ ಫ್ಯಾನ್ ಹಾಕಿಸಿ.

ಹೆಚ್ಚಿನ ಮನೆಗಳಲ್ಲಿ ಕೆಡುವುದು ಮಲಗುವ ಕೋಣೆಯ ಬಾಗಿಲಿನಲ್ಲಿ. ರಾತ್ರಿ ಅದನ್ನು ಮುಚ್ಚಿದೊಡನೆ ಗಾಳಿಯ ದಾರಿ ಕಟ್ಟಿಹೋಗುತ್ತದೆ. ಪ್ರತಿ ಬಾಗಿಲ ಮೇಲೂ ಜಾಲಿ ಬಿಡಿಸಿ. ಬೆಳಿಗ್ಗೆ 8ರೊಳಗೆ ಕಿಟಕಿ, ವೆಂಟಿಲೇಟರ್ ಎರಡೂ ಮುಚ್ಚಬೇಕು, ಇಲ್ಲವಾದರೆ ರಾತ್ರಿ ತುಂಬಿಕೊಂಡ ತಂಪು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ.

ಪ್ರಶ್ನೆ: ಫಾಲ್ಸ್ ಸೀಲಿಂಗ್ ಮಾಡಿಸಬಹುದೇ? ಗೋಡೆಗೆ ಎಎಸಿ ಬ್ಲಾಕ್ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಸರಿಯೇ?

ಉತ್ತರ: ಫಾಲ್ಸ್ ಸೀಲಿಂಗ್ ಬೇಡವೇ ಬೇಡ. ತಂಪು ಹಿಡಿದಿಡುವುದು ಆರ್‌ಸಿಸಿ ಸ್ಲ್ಯಾಬ್, ಅದನ್ನು ಜಿಪ್ಸಂ ಹಿಂದೆ ಮುಚ್ಚಿಟ್ಟರೆ ಪ್ರಯೋಜನವಿಲ್ಲ. ದಿನದ ಬಿಸಿ ಕಾಂಕ್ರೀಟಿನೊಳಗೆ ಸುಮಾರು 4 ಇಂಚು ಮಾತ್ರ ಇಳಿಯುತ್ತದೆ. ಒಳಗೋಡೆ ಎರಡೂ ಬದಿಯಿಂದ ಕೆಲಸ ಮಾಡುವುದರಿಂದ 8 ಇಂಚಿಗಿಂತ ದಪ್ಪ ದಂಡ. ಒಳಗೋಡೆಗೆ ಸಾಲಿಡ್ ಬ್ಲಾಕ್ ಅಥವಾ ಇಟ್ಟಿಗೆ ಬಳಸಿ. ಹಗುರವಾದ ಎಎಸಿ ಬ್ಲಾಕ್ ಪಶ್ಚಿಮದ ಹೊರಗೋಡೆಗೆ ಚೆನ್ನ. ತಾರಸಿಯ ಮೇಲೆ ಬಿಳಿ ಕೂಲ್ ಪೇಂಟ್ ಬಳಿಸದಿದ್ದರೆ ಏಪ್ರಿಲ್ ಬಿಸಿಲು ಈ ಶ್ರಮವನ್ನೆಲ್ಲ ನುಂಗಿಬಿಡುತ್ತದೆ.

ಇದೇ ನಕ್ಷೆಯನ್ನು ಮಂಗಳೂರಿನ ನೆಂಟರಿಗೆ ಕೊಡಬೇಡಿ. ಅಲ್ಲಿ ರಾತ್ರಿಯೂ ಸೆಕೆ, ಹಗಲಿಗೂ ರಾತ್ರಿಗೂ ಅಂತರ ಕಡಿಮೆ. ಅಲ್ಲಿಗೆ ಆಳವಾದ ಸೂರು, ಎದುರು-ಬದುರು ಕಿಟಕಿ, ಮೈಗೆ ತಾಗುವ ಗಾಳಿ ಬೇಕು.