ಕಚೇರಿ ಉಡುಪಿನಲ್ಲಿ ಲೈಸೆನ್ಸ್ ಇರುವ ಪಿಸ್ತೂಲನ್ನು ಯಾರಿಗೂ ಕಾಣದಂತೆ ಇಟ್ಟುಕೊಳ್ಳುವುದು ಹೇಗೆ?

ನಿಮ್ಮದು ಮುಂಬಯಿಯ ಅಂಧೇರಿಯಲ್ಲಿ ಕಚೇರಿ, ದಿನವೂ ಇನ್‌ಶರ್ಟ್, ಹೊಸದಾಗಿ ಸಿಕ್ಕ ಲೈಸೆನ್ಸ್. ಸೊಂಟವೋ, ಕಣಕಾಲೋ, ಬ್ಯಾಗೋ ಎಂದು ಕೇಳಿದ್ದೀರಿ. ‘ಬ್ಯಾಗ್’ ಎಂಬುದನ್ನು ಓದಿದ ಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ.

ನಾನು ವಿಜಯಪುರದ ಕಡೆಯವನು, ಪುಣೆಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಕಟ್ಟಡ ಗುತ್ತಿಗೆದಾರರೊಬ್ಬರ ಕಚೇರಿಯಲ್ಲಿ ಕ್ಯಾಷಿಯರ್ ಆಗಿದ್ದೆ. ಶನಿವಾರ ಬಂತೆಂದರೆ ಕಾಮಗಾರಿ ನಡೆಯುವಲ್ಲಿಗೆ ಕೂಲಿ ಹಣ ಒಯ್ಯುವುದು ನನ್ನ ಕೆಲಸ. 2008ರಲ್ಲಿ ಹಡಪಸರದ ಬಳಿ ಬೈಕಿನಲ್ಲಿ ಬಂದ ಇಬ್ಬರು ಹಣದ ಚೀಲ ಕಿತ್ತುಕೊಂಡು ಹೋದರು. ಚೀಲ ಬಿಡದೆ ಹಿಡಿದಿದ್ದಕ್ಕೆ ನನ್ನ ಎಡಗೈಯ ಎರಡು ಬೆರಳು ಮುರಿದವು. ದೂರಿನ ಪ್ರತಿ, ಮಾಲೀಕರ ಪತ್ರ, ಆದಾಯ ತೆರಿಗೆಯ ಕಾಗದ ಎಲ್ಲವನ್ನೂ ಲಗತ್ತಿಸಿ ಪೊಲೀಸ್ ಆಯುಕ್ತರ ಕಚೇರಿಗೆ ಅರ್ಜಿ ಹಾಕಿದೆ. ವಿಚಾರಣೆಗೆಂದು ಠಾಣೆಯಿಂದ ಮನೆಗೂ ಬಂದರು, ನೆರೆಯವರನ್ನೂ ಕೇಳಿದರು. ಒಂದು ವರ್ಷಕ್ಕೂ ಹೆಚ್ಚು ಅಲೆದ ಮೇಲೆ ಲೈಸೆನ್ಸ್ ಬಂತು. ಕೊಂಡಿದ್ದು ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್. ಆರು ಗುಂಡು ಹಿಡಿಯುವಂಥದ್ದು, ತೂಕ ಮುಕ್ಕಾಲು ಕಿಲೋ ಹತ್ತಿರ.

ಮುಕ್ಕಾಲು ಕಿಲೋ ಎಂದರೆ ಏನು ಮಹಾ ಎಂದು ನಿಮಗೆ ಅನ್ನಿಸಬಹುದು. ಕಡಲೆಬೇಳೆಯನ್ನು ಚೀಲದಲ್ಲಿ ಹಿಡಿದರೆ ಏನೂ ಅಲ್ಲ. ಸೊಂಟದ ಬಲಭಾಗದಲ್ಲಿ ಬೆಳಗ್ಗೆ ಒಂಬತ್ತರಿಂದ ಸಂಜೆ ಏಳರವರೆಗೆ ತೂಗಿಸಿಕೊಂಡರೆ ಪ್ಯಾಂಟು ಒಂದು ಕಡೆಗೆ ಜಾರುತ್ತದೆ, ನಡಿಗೆಯೇ ಬದಲಾಗುತ್ತದೆ. ಬೆವರಿಗೆ ಉಕ್ಕು ತುಕ್ಕು ಹಿಡಿಯುತ್ತದೆ, ತುಕ್ಕು ಬಾರದಿರಲೆಂದು ಎಣ್ಣೆ ಹಚ್ಚಿದರೆ ಆ ಎಣ್ಣೆ ಅಂಗಿಗೆ ಇಳಿಯುತ್ತದೆ. ನನ್ನ ಬಿಳಿ ಅಂಗಿಗಳಿಗೆಲ್ಲ ಬಲಗಡೆ ಪಕ್ಕೆಯ ಕೆಳಗೆ ಅಂಗೈಯಗಲದ ಹಳದಿ ಕಲೆ ಇರುತ್ತಿತ್ತು. ಹೆಂಡತಿ ನಿಂಬೆಹೋಳು ಹಾಕಿ ತಿಕ್ಕಿದರೂ ಅದು ಹೋಗುತ್ತಿರಲಿಲ್ಲ. ಪುಣೆಯ ಹವೆಗೇ ಈ ಪಾಡು. ನಿಮ್ಮದು ಸಮುದ್ರದ ದಂಡೆ.

ಇನ್‌ಶರ್ಟ್ ಮಾಡಿದವನಿಗೆ ಸೊಂಟದಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ, ಇದನ್ನು ಮೊದಲು ಒಪ್ಪಿಕೊಳ್ಳಿ. ನಾನು ಪ್ಯಾಂಟನ್ನು ಎರಡು ಇಂಚು ದೊಡ್ಡದು ಹೊಲಿಸಿದೆ, ದಪ್ಪ ಚರ್ಮದ ಬೆಲ್ಟ್ ಹಾಕಿದೆ, ಕೊನೆಗೆ ಇನ್‌ಶರ್ಟ್ ಬಿಟ್ಟು ಬುಶ್‌ಶರ್ಟಿಗೆ ಬಂದೆ. ಅದು ನಡೆಯಿತು. ಕೂಲಿ ಹಂಚುವ ಕ್ಯಾಷಿಯರ್ ಬುಶ್‌ಶರ್ಟ್ ತೊಟ್ಟರೆ ಯಾರು ಕೇಳುತ್ತಾರೆ?

ಇಷ್ಟರವರೆಗೆ ನನ್ನ ತಪ್ಪೇನೂ ಇರಲಿಲ್ಲ.

2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದವು. ಆ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆ ಬಂತು, ಮುಂದಿನ ವರ್ಷ ವೇತನ ಪಾವತಿ ಕಾಯ್ದೆಗೇ ತಿದ್ದುಪಡಿಯಾಗಿ ಕೂಲಿಯನ್ನು ಚೆಕ್ಕಿನಲ್ಲೋ ನೇರ ಖಾತೆಗೋ ಹಾಕುವುದು ಸಲೀಸಾಯಿತು. ನಮ್ಮ ಮಾಲೀಕರು ಎಲ್ಲ ಕೂಲಿಕಾರರಿಗೂ ಖಾತೆ ತೆರೆಸಿದರು. ನಾನು ಹಣದ ಚೀಲ ಹೊರುವುದು ನಿಂತಿತು. ನನ್ನನ್ನು ಒಳಗಿನ ಲೆಕ್ಕಪತ್ರ ವಿಭಾಗಕ್ಕೆ ಹಾಕಿದರು, ಹವಾನಿಯಂತ್ರಿತ ಕೋಣೆ, ಹೊಸ ಮ್ಯಾನೇಜರ್, ಇನ್‌ಶರ್ಟ್ ಕಡ್ಡಾಯ.

ರಿವಾಲ್ವರ್ ಮಾತ್ರ ನಿಲ್ಲಲಿಲ್ಲ. ಯಾಕೆ ಒಯ್ಯುತ್ತಿದ್ದೆ ಎಂದು ಆಮೇಲೆ ಪೊಲೀಸರು ಕೇಳಿದರು, ಹೆಂಡತಿ ಕೇಳಿದಳು, ನಾನೂ ಕೇಳಿಕೊಂಡೆ. ಅಭ್ಯಾಸ ಎಂಬುದನ್ನು ಬಿಟ್ಟು ಬೇರೆ ಉತ್ತರ ಸಿಗಲಿಲ್ಲ. ಕನ್ನಡಕ, ಪೆನ್ನು, ಕರವಸ್ತ್ರ, ರಿವಾಲ್ವರ್.

ಒಂದು ದಿನ ಮೇಜಿನ ಮೇಲಿಂದ ಕಡತ ಎತ್ತಲು ಬಾಗಿದಾಗ ಪಕ್ಕದ ಹುಡುಗ, “ಸರ್, ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದೀರಾ? ಬೆನ್ನುನೋವೇ?” ಎಂದ. ಹೌದು ಎಂದೆ. ಮರುದಿನದಿಂದ ರಿವಾಲ್ವರ್ ಅದರ ಚರ್ಮದ ಕವರಿನ ಸಮೇತ ಬ್ಯಾಗಿಗೆ ಹೋಯಿತು.

ನನ್ನ ತಪ್ಪು ಇದು. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಬೇಸರಿಸಬೇಡಿ. ಬ್ಯಾಗಿನಲ್ಲಿ ಇಟ್ಟಿದ್ದು ತಪ್ಪಿನ ಅರ್ಧ ಮಾತ್ರ. ಉಳಿದರ್ಧ ಏನೆಂದರೆ, ಸೊಂಟದಲ್ಲಿದ್ದಾಗ ಅದು ಎಲ್ಲಿದೆ ಎಂದು ನನ್ನ ಮೈಗೆ ಗೊತ್ತಿತ್ತು. ಕುಳಿತರೆ ಒತ್ತುತ್ತಿತ್ತು, ಎದ್ದರೆ ಎಳೆಯುತ್ತಿತ್ತು. ಬ್ಯಾಗಿಗೆ ಹೋದ ಮೇಲೆ ಅದನ್ನು ನೆನಪಿಡುವ ಕೆಲಸ ತಲೆಗೆ ಬಂತು, ತಲೆಗೆ ನೂರೆಂಟು ಕೆಲಸ. ಮೊದಲ ವಾರ ಬ್ಯಾಗನ್ನು ಕಾಲಿನ ನಡುವೆ ಇಟ್ಟುಕೊಂಡು ಕುಳಿತೆ. ಎರಡನೆಯ ವಾರ ಮೇಜಿನ ಕೆಳಗೆ. ತಿಂಗಳಾಗುವಷ್ಟರಲ್ಲಿ ಊಟಕ್ಕೆ ಉಡುಪಿ ಹೋಟೆಲಿಗೆ ಹೋಗುವಾಗ ಬ್ಯಾಗನ್ನು ಕುರ್ಚಿಗೆ ನೇತುಹಾಕಿ ಹೋಗುತ್ತಿದ್ದೆ.

ಅದೂ ಎಂಥ ಬ್ಯಾಗು! ದೀಪಾವಳಿಗೆ ಕಂಪನಿ ಎಲ್ಲರಿಗೂ ಕೊಟ್ಟದ್ದು. ಕಪ್ಪು ಬಣ್ಣ, ಮೂರು ಜಿಪ್ಪು, ಕಂಪನಿಯ ಹೆಸರು. ನಮ್ಮ ಮಹಡಿಯಲ್ಲಿ ಅಂಥವು ಇಪ್ಪತ್ತೆರಡು ಇದ್ದವು. ಗುರುತಿಗೆಂದು ನನ್ನ ಬ್ಯಾಗಿನ ಹಿಡಿಕೆಗೆ ಜೇಜುರಿಯಿಂದ ತಂದ ಕೆಂಪು ದಾರ ಕಟ್ಟಿದ್ದೆ. ಕೆಂಪು ದಾರ! ಆರು ಗುಂಡು ತುಂಬಿದ ರಿವಾಲ್ವರಿಗೂ ಇನ್ನೊಬ್ಬರ ಕೈಗೂ ನಡುವೆ ನಾನು ಇಟ್ಟಿದ್ದ ಕಾವಲು ಅಷ್ಟೇ. ಅದು ಯಾವಾಗ ಸವೆದು ಬಿದ್ದಿತ್ತೋ ನೋಡಿರಲೇ ಇಲ್ಲ.

2018ರ ಫೆಬ್ರವರಿಯ ಒಂದು ಶನಿವಾರ ಯಾರದ್ದೋ ಹುಟ್ಟುಹಬ್ಬ. ಕೇಕ್ ಕತ್ತರಿಸಲು ಸಭೆಯ ಕೋಣೆಗೆ ಹೋದೆವು, ಹಾಗೆಯೇ ಮನೆಗೆ ಹೊರಡುವುದೆಂದು ಬ್ಯಾಗುಗಳನ್ನೆಲ್ಲ ಗೋಡೆಯ ಪಕ್ಕದ ಮೇಜಿನ ಮೇಲೆ ಇಟ್ಟೆವು. ನಮ್ಮ ವಿಭಾಗದ ಸಹೋದ್ಯೋಗಿಯೊಬ್ಬರಿಗೆ ಬಸ್ ತಪ್ಪುವ ಅವಸರ. ಅವರ ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಊಟದ ಡಬ್ಬಿ. ನನ್ನದರಲ್ಲಿ ಕಡತಗಳು, ರಿವಾಲ್ವರ್. ತೂಕ ಹೆಚ್ಚುಕಡಿಮೆ ಒಂದೇ. ಅವರು ನನ್ನದನ್ನು ಎತ್ತಿಕೊಂಡು ಹೋದರು. ಉಳಿದದ್ದನ್ನು ನಾನು ಎತ್ತಿಕೊಂಡು ಧನಕವಡಿಯ ನನ್ನ ಮನೆಗೆ ಬಂದೆ.

ಕೈಕಾಲು ತೊಳೆದು, ರಿವಾಲ್ವರನ್ನು ಕಪಾಟಿಗೆ ಸೇರಿಸಿ ಕೀಲಿ ಹಾಕೋಣವೆಂದು ಜಿಪ್ಪು ಎಳೆದೆ. ಒಳಗೆ ಸ್ಟೀಲ್ ಡಬ್ಬಿ. ತೆರೆದರೆ ಅರ್ಧ ಚಪಾತಿ, ಒಣಚಟ್ನಿಯ ಪುಡಿ. ಆ ಚಟ್ನಿಯ ಬೆಳ್ಳುಳ್ಳಿ ವಾಸನೆ ಇವತ್ತಿಗೂ ಎಲ್ಲಾದರೂ ಬಂದರೆ ನನ್ನ ಹೊಟ್ಟೆ ತಿರುಚುತ್ತದೆ.

ಕೊಥರೂಡಿನಲ್ಲಿ ಆ ಸಹೋದ್ಯೋಗಿಯ ಮನೆಯಲ್ಲಿ ಒಂದು ಪದ್ಧತಿ. ಅಮ್ಮ ಬಂದ ಕೂಡಲೇ ಬ್ಯಾಗಿನಿಂದ ಡಬ್ಬಿ ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಡುವುದು ಎಂಟು ವರ್ಷದ ಮಗನ ಕೆಲಸ. ಅಂದೂ ಅವನು ತನ್ನ ಕೆಲಸ ಮಾಡಿದ. ಚರ್ಮದ ಕವರನ್ನು ಎರಡೂ ಕೈಯಲ್ಲಿ ಹಿಡಿದು ತಂದು ಕಟ್ಟೆಯ ಮೇಲಿಟ್ಟು, “ಅಜ್ಜೀ, ಅಮ್ಮನ ಡಬ್ಬಿ ಬದಲಾಗಿದೆ” ಎಂದ. ಅಜ್ಜಿ ರೊಟ್ಟಿ ಬಡಿಯುತ್ತಿದ್ದವರು ತಿರುಗಿ ನೋಡಿದರು. ಕವರಿನ ಗುಂಡಿಯನ್ನು ಅವನು ಬಿಚ್ಚಿರಲಿಲ್ಲ. ಬಿಚ್ಚದಿದ್ದುದು ನನ್ನ ಜಾಣತನದಿಂದಲ್ಲ, ಆ ಗುಂಡಿ ಬಿಗಿಯಾಗಿತ್ತು, ಅಷ್ಟೇ.

ನಾನು ಸ್ಕೂಟರಿನಲ್ಲಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಕಟ್ಟಡದ ಕೆಳಗೆ ಪೊಲೀಸ್ ಜೀಪು ನಿಂತಿತ್ತು. ಸಹೋದ್ಯೋಗಿಯ ಗಂಡ 100ಕ್ಕೆ ಕರೆ ಮಾಡಿದ್ದರು. ಸರಿಯಾಗಿಯೇ ಮಾಡಿದ್ದರು. ಸೊಲ್ಲಾಪುರದ ಕಡೆಯ ಹವಾಲ್ದಾರರೊಬ್ಬರು ನನ್ನ ಮರಾಠಿಯ ಧಾಟಿ ಕೇಳಿ ಕನ್ನಡದಲ್ಲಿಯೇ ಕೇಳಿದರು: “ಏನಪ್ಪಾ, ಇದನ್ನು ಬುತ್ತಿ ಅಂದುಕೊಂಡಿದ್ದೀರೇನು?” ಆ ತಾಯಿ ಮಾತ್ರ ನನ್ನನ್ನು ಏನೂ ಅನ್ನಲಿಲ್ಲ. ಮಗನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು.

2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 32ನೆಯದನ್ನು ಓದಿ. ಲೈಸೆನ್ಸ್ ಇರುವವರು ಯಾರೂ ಓದುವುದಿಲ್ಲ, ನಾನೂ ಓದಿರಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಕೈಬಂದೂಕು ಒಯ್ಯುವವನು ಅದನ್ನು ಮೈಗೆ ಕಟ್ಟಿದ ಹೋಲ್‌ಸ್ಟರಿನಲ್ಲೋ (ಕೈಬಂದೂಕಿನ ಕವರು) ಬೆನ್ನಚೀಲದಂಥದ್ದರಲ್ಲೋ ಒಯ್ಯಬೇಕು, ಅದು ಪೂರ್ತಿ ಮುಚ್ಚಿರಬೇಕು, ಮೇಲಾಗಿ ಅದು ಅವನ ಹಿಡಿತದಲ್ಲಿರಬೇಕು. ಅಂದರೆ ನೀವು ಒಂದು ಜಾಣ್ಮೆ ಎಂದುಕೊಂಡು ಕೇಳುತ್ತಿರುವ ಮುಚ್ಚಿಡುವಿಕೆ ಕಾನೂನಿನ ಪ್ರಕಾರ ಕನಿಷ್ಠ ಕರ್ತವ್ಯ. ಚೀಲಕ್ಕೂ ಅನುಮತಿ ಇದೆಯಲ್ಲ ಎನ್ನುತ್ತೀರಿ. ನಾನೂ ಠಾಣೆಯಲ್ಲಿ ಹಾಗೆಯೇ ಅಂದೆ. “ಹಿಡಿತ ಎಲ್ಲಿತ್ತು? ಕೊಥರೂಡಿನಲ್ಲೋ ಧನಕವಡಿಯಲ್ಲೋ?” ಎಂದು ಅಧಿಕಾರಿ ಕೇಳಿದರು. ಲೈಸೆನ್ಸಿನ ಷರತ್ತು ಮುರಿದುದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 30ನೆಯ ಕಲಮಿನ ಅಡಿಯಲ್ಲಿ ಪ್ರಕರಣವಾಯಿತು. ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡು ಸಾವಿರದವರೆಗೆ ದಂಡ, ಅಥವಾ ಎರಡೂ. ನನಗೆ ದಂಡದಲ್ಲಿ ಮುಗಿಯಿತು. 17ನೆಯ ಕಲಮಿನ ಪ್ರಕಾರ ಕಾರಣ ಕೇಳುವ ನೋಟಿಸು ಬಂತು, ಆಮೇಲೆ ಲೈಸೆನ್ಸ್ ರದ್ದಾಯಿತು. ಮೇಲ್ಮನವಿಗೆ ಅವಕಾಶವಿತ್ತು. ಹಾಕಲಿಲ್ಲ. ಯಾವ ಮುಖ ಇಟ್ಟುಕೊಂಡು ಹಾಕಲಿ? ಕೆಲಸವನ್ನು ಕಂಪನಿ ತೆಗೆಯುವ ಮೊದಲೇ ನಾನು ಬಿಟ್ಟೆ.

ಈಗ ನಿಮ್ಮ ವಿಷಯಕ್ಕೆ. ಎಲ್ಲಿ ಬಚ್ಚಿಡಲಿ ಎಂದು ಕೇಳುವ ಮೊದಲು ಕಚೇರಿಗೆ ಯಾಕೆ ಒಯ್ಯಬೇಕು ಎಂದು ಕೇಳಿಕೊಳ್ಳಿ. ಲೈಸೆನ್ಸ್ ಅರ್ಜಿಯಲ್ಲಿ ನೀವು ಬರೆದ ಕಾರಣ ಕಚೇರಿಯ ಕುರ್ಚಿಯಲ್ಲಿ ಕುಳಿತಿರುತ್ತದೆಯೇ? ಬೆದರಿಕೆ ಇರುವುದು ರಾತ್ರಿ ಅಂಗಡಿ ಮುಚ್ಚಿ ಬರುವ ದಾರಿಯಲ್ಲಾದರೆ ಹಗಲಿಡೀ ಅಂಧೇರಿಯಲ್ಲಿ ಅದಕ್ಕೇನು ಕೆಲಸ? ನಿಮ್ಮ ಕಂಪನಿಗೆ ಈ ವಿಷಯ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಬೆಲ್ಟು, ಹೋಲ್‌ಸ್ಟರ್ ಎಂದು ಖರ್ಚು ಮಾಡುವ ಮೊದಲು ಅವರಿಂದ ಲಿಖಿತ ಒಪ್ಪಿಗೆ ತೆಗೆದುಕೊಳ್ಳಿ. ಕೊಡುವುದಿಲ್ಲ ಎಂದರೆ ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ನನ್ನ ಹೊಸ ಮ್ಯಾನೇಜರಿಗೆ ನಾನು ಹೇಳಿಯೇ ಇರಲಿಲ್ಲ.

ಬೆಳಗಿನ ಒಂಬತ್ತರ ಲೋಕಲ್ ಗಾಡಿಯಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಜನ ಒರಗಿರುತ್ತಾರೆ. ಅಲ್ಲಿ ನಿಮ್ಮ ಸೊಂಟದಲ್ಲಿ ಏನಿದೆ ಎಂದು ನಿಮಗಿಂತ ಮೊದಲು ಪಕ್ಕದವನಿಗೆ ತಿಳಿಯುತ್ತದೆ. ಜಾತ್ರೆ, ಧಾರ್ಮಿಕ ಮೆರವಣಿಗೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ ಎಂದು ಲೈಸೆನ್ಸಿನ ಷರತ್ತಿನಲ್ಲೇ ಇದೆ. ಆಷಾಢ ಏಕಾದಶಿಗೆಂದು ಪಂಢರಪುರಕ್ಕೆ ಹೊರಟ ಜ್ಞಾನೇಶ್ವರ, ತುಕಾರಾಮರ ಪಾಲಕಿಗಳು ಪುಣೆಗೆ ಬಂದಾಗ ನಾನು ಎಂಟು ಕಿಲೋಮೀಟರ್ ಸುತ್ತಿಕೊಂಡು ಮನೆಗೆ ಹೋದದ್ದಿದೆ. ನಿಮ್ಮಲ್ಲಿ ಗಣಪತಿಯ ಹತ್ತು ದಿನ ಯಾವ ರಸ್ತೆ ಖಾಲಿ ಇರುತ್ತದೆ? ಮಗಳ ಶಾಲೆಯ ರಾಜ್ಯೋತ್ಸವಕ್ಕೆ ಕಚೇರಿಯಿಂದ ನೇರ ಹೋಗಲಾಗದೆ ಮನೆಗೆ ಬಂದು ಹೋಗುವಷ್ಟರಲ್ಲಿ ಅವಳ ನೃತ್ಯ ಮುಗಿದಿತ್ತು. ನನ್ನ ಲೈಸೆನ್ಸ್ ಮಹಾರಾಷ್ಟ್ರಕ್ಕೆ ಮಾತ್ರ ಇದ್ದುದರಿಂದ ಊರಿಗೆ ಹೋಗುವ ಮುನ್ನ ಅದನ್ನು ಇಡುವ ವ್ಯವಸ್ಥೆ ಬೇರೆ. ನಿಮ್ಮದರಲ್ಲಿ ಯಾವ ಪ್ರದೇಶ ಬರೆದಿದೆ ಎಂದು ನೋಡಿಕೊಳ್ಳಿ.

ಇಷ್ಟಾದರೂ ಒಯ್ಯಲೇಬೇಕೆಂದರೆ ಇನ್‌ಶರ್ಟ್ ಬಿಡಿ. ಟ್ರಿಗರನ್ನು ಪೂರ್ತಿ ಮುಚ್ಚುವ ಗಟ್ಟಿ ಹೋಲ್‌ಸ್ಟರ್, ಅದು ಮೈಗೇ ಕಟ್ಟಿರಬೇಕು, ಮನೆಯಲ್ಲಿ ಕಟ್ಟಿಕೊಂಡದ್ದನ್ನು ಮನೆಯಲ್ಲೇ ಬಿಚ್ಚಬೇಕು. ಶೌಚಾಲಯದಲ್ಲೂ ತೆಗೆದು ಎಲ್ಲೂ ಇಡಬೇಡಿ. ಬ್ಯಾಗಿನ ಮಾತೇ ಬೇಡ.

ಕಣಕಾಲಿನ ಬಗ್ಗೆಯೂ ಕೇಳಿದ್ದಿರಿ, ಬರೆಯುವ ಭರದಲ್ಲಿ ಮರೆತೆ. ಸೊಂಟದಿಂದ ಬ್ಯಾಗಿಗೆ ಹೋಗುವ ಮೊದಲು ಒಂದು ದಿನ ಅದನ್ನೂ ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕುಂಟತೊಡಗಿದ್ದೆ. ಚಹಾ ತರುವ ಹುಡುಗ ಕಾಲಿಗೇನಾಯಿತು ಎಂದು ಕೇಳಿದ. ಮುಳ್ಳು ಚುಚ್ಚಿದೆ ಎಂದೆ. ಅವನು ಕೆಳಗೆ ಹೋಗಿ, ಯಾರಿಂದಲೋ ಸೂಜಿ ಇಸಿದುಕೊಂಡು ಬಂದು, “ಕಾಲು ಕೊಡಿ ಕಾಕಾ, ನಾನು ತೆಗೆಯುತ್ತೇನೆ” ಎಂದು ನನ್ನ ಮುಂದೆ ನೆಲದ ಮೇಲೆ ಕುಳಿತುಬಿಟ್ಟ.